ಮುದ್ರೆಯೊತ್ತಿದ ಕ್ಷಮೆ

ಇತಿಹಾಸದ ಪುಸ್ತಕಗಳಲ್ಲಿ ದಂಗೆಗೆ ದೊರೆಯುವಷ್ಟು ಜಾಗ ದಂಗೆಯ ಮರುದಿನಗಳಿಗೆ ದೊರೆಯುವುದಿಲ್ಲ. ಬೆಂಕಿ, ಕೂಗು, ಕತ್ತಿಯ ಹೊಳಪು ಓದುಗನ ಕಣ್ಣನ್ನು ಬೇಗ ಸೆಳೆಯುತ್ತವೆ. ಬೆಂಕಿ ಆರಿದ ಮೇಲೆ ಯಾರು ಯಾರ ಮನೆಯ ಬಾಗಿಲು ಬಡಿದರು, ಯಾರು ಯಾರ ಹೆಸರು ಹೇಳಿದರು, ಯಾರು ಏನನ್ನು ತೆತ್ತು ತಲೆ ಉಳಿಸಿಕೊಂಡರು ಎಂಬ ಸಂಗತಿಗಳು ಮಾತ್ರ ದಫ್ತರದ ಸುರುಳಿಗಳಲ್ಲಿ ಉಳಿದುಬಿಡುತ್ತವೆ. ಇಂದು ನಾನು ಹೇಳಹೊರಟಿರುವುದು ಅಂಥದೊಂದು ಸುರುಳಿಯ ಕಥೆ. 1381ರಲ್ಲಿ ಇಂಗ್ಲೆಂಡಿನ ರೈತಾಪಿ ಜನ ಎದ್ದ ಮಹಾದಂಗೆಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಅದರ ನಾಯಕರಾದ ವಾಟ್ ಟೈಲರ್, ಜಾನ್ ಬಾಲ್ ಎಂಬವರ ಹೆಸರುಗಳೂ ಅಪರಿಚಿತವಲ್ಲ. ದಂಗೆ ಅಡಗಿದ ಮೇಲೆ ನಡೆದ ವಿಚಾರಣೆಗಳು, ಅನಂತರ ಅರಸನು ಕೊಟ್ಟ ಕ್ಷಮಾದಾನ, ಇವೇ ಇಂದಿನ ನನ್ನ ವಿಷಯ.

ನಾನು ಕನ್ನಡದ ಮೇಷ್ಟರು. ಇಂಗ್ಲೆಂಡಿನ ಚರಿತ್ರೆ ನನ್ನ ಸ್ವಂತ ಹೊಲವಲ್ಲ. ನಾನು ಅಲ್ಲಿಗೆ ಹೋದದ್ದು ಚಾಸರ್ ಕವಿಯ ಬೆನ್ನು ಹಿಡಿದು. ಆ ವರ್ಷಗಳಲ್ಲಿ ಚಾಸರ್ ವಾಸವಾಗಿದ್ದುದು ಲಂಡನ್ ಕೋಟೆಗೋಡೆಯ ಆಲ್ಡ್‌ಗೇಟ್ ಎಂಬ ಹೆಬ್ಬಾಗಿಲ ಮೇಲಣ ಮನೆಯಲ್ಲಿ. ಎಸೆಕ್ಸ್ ಪ್ರಾಂತದ ದಂಗೆಕೋರರು ನಗರಕ್ಕೆ ನುಗ್ಗಿದ್ದು ಅದೇ ಬಾಗಿಲಿನಿಂದ. ಕವಿಯ ಮನೆಯ ನೆಲದಡಿಯಲ್ಲೇ ಒಂದು ಯುಗ ಹಾದುಹೋಯಿತು. ಅದರ ಬಗ್ಗೆ ಅವನು ಬರೆದುದಾದರೋ ಒಂದು ಹುಂಜದ ಕಥೆಯಲ್ಲಿ, ನರಿಯನ್ನು ಅಟ್ಟಿಸಿಕೊಂಡು ಹೋಗುವ ಜನರ ಗದ್ದಲವನ್ನು ಹೋಲಿಸುವುದಕ್ಕೆಂದು, ಒಂದೇ ಒಂದು ಪ್ರಸ್ತಾಪ. ದೊಡ್ಡ ಕವಿಯ ಈ ಮೌನ ನನ್ನನ್ನು ಬಹುಕಾಲ ಕಾಡಿತು. ಅರಮನೆಯ ಊಳಿಗದಲ್ಲಿದ್ದವನ ಮೌನ ಅದು ಎಂದು ಈಗ ಅರ್ಥವಾಗಿದೆ. ಅವನು ಹೇಳದೆ ಬಿಟ್ಟದ್ದನ್ನು ತಿಳಿಯಲು ಹೋಗಿಯೇ ನಾನು ಈ ವಿಷಯಕ್ಕೆ ಸಿಕ್ಕಿಬಿದ್ದೆ.

ದಂಗೆಯ ಕಾರಣಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1348–49ರ ಮಹಾಮಾರಿಯಲ್ಲಿ ದುಡಿಯುವ ಕೈಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಉಳಿದವರಿಗೆ ಬೆಲೆ ಬಂತು. ಹೆಚ್ಚು ಕೂಲಿ ಕೇಳಬಾರದೆಂದು 1351ರಲ್ಲಿ ಕಾನೂನು ಬಂತು. ಒಡೆಯನ ನೆಲಕ್ಕೆ ಕಟ್ಟುಬಿದ್ದ ಒಕ್ಕಲುಗಳು, ಅಂದರೆ ಬಿಟ್ಟಿ ದುಡಿಯಬೇಕಾದವರು, ಮಗಳ ಮದುವೆಗೂ ಒಡೆಯನಿಗೆ ಕಾಣಿಕೆ ಒಪ್ಪಿಸಬೇಕಾದವರು, ಈ ಬಂಧನದಿಂದ ಬಿಡುಗಡೆ ಬೇಡಿದರು. ಇದರ ಮೇಲೆ ಫ್ರಾನ್ಸಿನೊಡನೆ ಮುಗಿಯದ ಯುದ್ಧ. ಯುದ್ಧದ ವೆಚ್ಚಕ್ಕೆಂದು 1377ರಲ್ಲಿ ತಲೆಗೆ ನಾಲ್ಕು ಪೆನ್ನಿಯ ತಲೆಗಂದಾಯ ಬಂತು. 1380ರ ಕೊನೆಯಲ್ಲಿ ನಾರ್ಥಾಂಪ್ಟನ್‌ನಲ್ಲಿ ಸೇರಿದ ಪಾರ್ಲಿಮೆಂಟು ಅದನ್ನು ಮೂರುಪಟ್ಟು ಮಾಡಿ, ಹದಿನೈದು ತುಂಬಿದ ಪ್ರತಿಯೊಬ್ಬರಿಗೂ ಒಂದು ಷಿಲಿಂಗ್ ಎಂದು ಗೊತ್ತುಮಾಡಿತು. ಕೂಲಿಯವನ ದಿನಗೂಲಿ ಮೂರು ನಾಲ್ಕು ಪೆನ್ನಿ. ಷಿಲಿಂಗಿಗೆ ಹನ್ನೆರಡು ಪೆನ್ನಿ. ಜನ ಅಕ್ಕತಂಗಿಯರನ್ನೂ ವಿಧವೆ ತಾಯಂದಿರನ್ನೂ ಲೆಕ್ಕದಿಂದ ಮರೆಸಿದರು. ಪಟ್ಟಿಯಲ್ಲಿ ತಲೆಗಳು ಮೂರರಲ್ಲೊಂದು ಪಾಲು ಮಾಯವಾದವು. ಮಾಯವಾದ ತಲೆಗಳನ್ನು ಹುಡುಕಲು ಅಧಿಕಾರಿಗಳು ಹಳ್ಳಿಗೆ ಬಂದರು. ಮೇ 30ರಂದು ಎಸೆಕ್ಸಿನ ಬ್ರೆಂಟ್‌ವುಡ್‌ನಲ್ಲಿ ಫಾಬಿಂಗ್ ಎಂಬ ಊರಿನವರು ಅವರನ್ನು ಓಡಿಸಿದರು. ಕೆಲವೇ ದಿನಗಳಲ್ಲಿ ಕೆಂಟ್ ಪ್ರಾಂತದ ಗ್ರೇವ್ಸೆಂಡಿನಲ್ಲಿ ಒಬ್ಬ ಮನುಷ್ಯನನ್ನು 'ಇವನು ಸರ್ ಸೈಮನ್ ಬರ್ಲಿಯ ಓಡಿಹೋದ ಆಳು' ಎಂದು ಹಿಡಿದು, ಬಿಡುಗಡೆಗೆ ಮುನ್ನೂರು ಪೌಂಡು ಕೇಳಿ, ರಾಚೆಸ್ಟರ್ ಕೋಟೆಗೆ ತಳ್ಳಿದರೆಂದು ಒಂದು ವೃತ್ತಾಂತ ಹೇಳುತ್ತದೆ. ಬರ್ಲಿಯ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ. ಜೂನ್ 6ರಂದು ಜನ ಆ ಕೋಟೆಯನ್ನು ಹಿಡಿದರು.

ಮುಂದಿನ ಕಥೆ ಎಲ್ಲರೂ ಬಲ್ಲದ್ದೇ. ಜೂನ್ 13ರಂದು ಲಂಡನ್ ಪ್ರವೇಶ. ಅರಸನ ಚಿಕ್ಕಪ್ಪನ ಸವಾಯ್ ಅರಮನೆ ಭಸ್ಮ. ಮರುದಿನ ಮೈಲ್ ಎಂಡ್ ಎಂಬ ಬಯಲಿನಲ್ಲಿ ಹದಿನಾಲ್ಕು ವರ್ಷದ ಬಾಲಕ ರಾಜ ಎರಡನೆಯ ರಿಚರ್ಡ್ ದಂಗೆಕೋರರನ್ನು ಕಂಡು, ಅವರು ಕೇಳಿದ್ದಕ್ಕೆಲ್ಲ ಒಪ್ಪಿದ. ಮೂವತ್ತು ಮಂದಿ ಗುಮಾಸ್ತರು ಕುಳಿತು ಸನ್ನದುಗಳನ್ನು ಬರೆದರು. ಅದೇ ಹೊತ್ತಿನಲ್ಲಿ ಬೇರೊಂದು ಗುಂಪು ಲಂಡನ್ ಗೋಪುರಕ್ಕೆ ನುಗ್ಗಿ, ಮಹಾಮಂತ್ರಿಯೂ ಆರ್ಚ್‌ಬಿಷಪ್ಪನೂ ಆಗಿದ್ದ ಸೈಮನ್ ಸಡ್ಬರಿಯನ್ನೂ ಕೋಶಾಧಿಕಾರಿ ರಾಬರ್ಟ್ ಹೇಲ್ಸನನ್ನೂ ಎಳೆತಂದು ತಲೆ ಕಡಿಯಿತು. ಜೂನ್ 15ರಂದು ಸ್ಮಿತ್‌ಫೀಲ್ಡಿನಲ್ಲಿ ಟೈಲರ್ ಸತ್ತ. ಬಿಲ್ಲು ಹೆದೆಯೇರಿಸಿ ನಿಂತ ಜನರ ಕಡೆಗೆ ಹುಡುಗ ಅರಸ ಕುದುರೆ ಹೂಡಿ, ಅವರನ್ನು ತನ್ನ ಹಿಂದೆ ಕರೆದೊಯ್ದ. ಈ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು, ನಾನೂ ಅಲ್ಲಗಳೆಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೈಲ್ ಎಂಡಿನ ಸನ್ನದುಗಳು ಜೀತದಿಂದ ಬಿಡುಗಡೆಯನ್ನಷ್ಟೇ ಕೊಟ್ಟವಲ್ಲ. ಅದುವರೆಗೆ ಮಾಡಿದ ಸಕಲ ದ್ರೋಹಕ್ಕೂ ಅಪರಾಧಕ್ಕೂ ಕ್ಷಮೆಯನ್ನೂ ಅದೇ ಹಾಳೆಯಲ್ಲಿ ಬರೆದುಕೊಟ್ಟಿದ್ದವು. ಎಸೆಕ್ಸಿನವರು, ಹರ್ಟ್‌ಫರ್ಡಿನವರು ಬಹಳ ಮಂದಿ ಆ ಹಾಳೆಯನ್ನು ಎದೆಗವಚಿಕೊಂಡು ಊರಿಗೆ ತಿರುಗಿದರು. ಅರಸನ ಮುದ್ರೆ ಬಿದ್ದ ಮೇಲೆ ಇನ್ನೇನು ಭಯ ಎಂಬುದು ಅವರ ನಂಬಿಕೆ. ಹದಿನೆಂಟು ದಿನ ಆ ನಂಬಿಕೆ ಬಾಳಿತು. ವಾಲ್ಥಮ್‌ನಲ್ಲಿ ಅರಸನ ಬಳಿಗೆ ಬಂದ ಎಸೆಕ್ಸಿನ ದೂತರು ಸನ್ನದನ್ನು ಸ್ಥಿರಪಡಿಸಬೇಕೆಂದು ಕೇಳಿದಾಗ, ನೀವು ಜೀತದವರಾಗಿದ್ದಿರಿ, ಇನ್ನು ಮೇಲೂ ಜೀತದವರೇ, ಹಿಂದಿಗಿಂತ ಹೀನವಾಗಿ ಬಾಳುವಿರಿ ಎಂಬ ಅರ್ಥದ ಉತ್ತರ ದೊರೆಯಿತಂತೆ. ಇದನ್ನು ಬರೆದಿಟ್ಟವನು ಸೇಂಟ್ ಆಲ್ಬನ್ಸ್ ಮಠದ ಸಂನ್ಯಾಸಿ ಥಾಮಸ್ ವಾಲ್ಸಿಂಗ್‌ಹ್ಯಾಮ್. ದಂಗೆಕೋರರನ್ನು ಕಂಡರೆ ಅವನಿಗೆ ಆಗದು. ಆದ್ದರಿಂದ ಮಾತಿನ ಕಾವು ಅವನದೂ ಇರಬಹುದು. ಜುಲೈ 2ರಂದು ಚೆಲ್ಮ್ಸ್‌ಫರ್ಡಿನಿಂದ ಹೊರಟ ರಾಜಾಜ್ಞೆಯಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ: ಸನ್ನದುಗಳು ವಿವೇಚನೆಯಿಲ್ಲದೆ, ಅವಸರದಲ್ಲಿ ಹೊರಟವು, ಅವೆಲ್ಲ ರದ್ದು, ಹೊಂದಿರುವವರು ಹಿಂದಕ್ಕೆ ಒಪ್ಪಿಸತಕ್ಕದ್ದು. ಕೊಟ್ಟ ಕ್ಷಮೆಯೂ ಬಿಡುಗಡೆಯೊಡನೆ ಹಿಂದಕ್ಕೆ ಹೋಯಿತು. ದಾನವನ್ನು ಹಿಂದಕ್ಕೆ ಪಡೆಯುವವನಿಗೆ ನಮ್ಮ ಶಾಸನಗಳ ಕೊನೆಯಲ್ಲಿ ಎಂಥ ಶಾಪ ಬರೆದಿರುತ್ತದೆಂದು ಹಳಗನ್ನಡ ಪಾಠ ಹೇಳಿದ ನನಗೆ ತಟ್ಟನೆ ನೆನಪಾಯಿತು. ಅಲ್ಲಿನ ಸನ್ನದಿಗೆ ಅಂಥ ಕಾವಲಿರಲಿಲ್ಲ.

ವಿಚಾರಣೆಗಳು ಅದಾಗಲೇ ಶುರುವಾಗಿದ್ದವು. ಮುಖ್ಯ ನ್ಯಾಯಾಧೀಶ ಜಾನ್ ಕ್ಯಾವೆಂಡಿಷನನ್ನು ಸಫೋಕ್ ಪ್ರಾಂತದಲ್ಲಿ ಜನ ಕೊಂದಿದ್ದರು. ಅವನ ಸ್ಥಾನಕ್ಕೆ ಬಂದವನು ರಾಬರ್ಟ್ ಟ್ರೆಸಿಲಿಯನ್. ಸತ್ತವನ ಪೀಠದಲ್ಲಿ ಕುಳಿತವನಿಂದ ಮೃದುತ್ವವನ್ನು ಯಾರೂ ನಿರೀಕ್ಷಿಸಿರಲಾರರು. ಅವನು ಚೆಲ್ಮ್ಸ್‌ಫರ್ಡಿನಲ್ಲಿ ಕುಳಿತ, ಅಲ್ಲಿಂದ ಸೇಂಟ್ ಆಲ್ಬನ್ಸಿಗೆ ಬಂದ. ಈ ಊರಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಸೇಂಟ್ ಆಲ್ಬನ್ಸಿನ ಒಡೆತನ ಅಲ್ಲಿನ ಮಠದ್ದು. ಊರವರು ತಮ್ಮ ಕಾಳನ್ನು ಮಠಾಧಿಪತಿಯ ಗಿರಣಿಯಲ್ಲೇ ಸುಂಕ ಕೊಟ್ಟು ಬೀಸಿಸಬೇಕು. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಳ್ಳಕೂಡದು. ದಂಗೆಗೆ ಐವತ್ತು ವರ್ಷ ಹಿಂದೆ ಒಬ್ಬ ಮಠಾಧಿಪತಿ ಮನೆಮನೆಯ ಬೀಸುವ ಕಲ್ಲುಗಳನ್ನು ಕಿತ್ತು ತರಿಸಿ, ಮಠದ ಹಜಾರದ ನೆಲಕ್ಕೆ ಹಾಸುಗಲ್ಲಾಗಿ ಹಾಕಿಸಿದ್ದ. ಬೀಸುವ ಕಲ್ಲು ಎಂದರೆ ಏನೆಂದು ನಮ್ಮ ಹೆಂಗಸರಿಗೆ ಹೇಳಬೇಕಾಗಿಲ್ಲ. ಕೋಳಿ ಕೂಗುವ ಮುನ್ನ ಎದ್ದು ಹಾಡುತ್ತ ಬೀಸಿದ ತಾಯಂದಿರ ಪದಗಳನ್ನು ಕೂಡಿಸಿಟ್ಟೇ ನಾವು ಜಾನಪದ ವಿಭಾಗಗಳನ್ನು ಕಟ್ಟಿದ್ದೇವೆ. ಆ ಕಲ್ಲು ಪರರ ಹಜಾರದಲ್ಲಿ ಪಾದದಡಿ ಬಿದ್ದಿರುವುದನ್ನು ಎರಡು ತಲೆಮಾರು ನೋಡಿತು. 1381ರ ಜೂನಿನಲ್ಲಿ ಊರವರು ನುಗ್ಗಿ ಆ ಕಲ್ಲುಗಳನ್ನು ಎಬ್ಬಿಸಿ, ಚೂರು ಮಾಡಿ, ಭಾನುವಾರ ಇಗರ್ಜಿಯಲ್ಲಿ ಪ್ರಸಾದದ ರೊಟ್ಟಿ ಹಂಚುವಂತೆ ತಮ್ಮತಮ್ಮಲ್ಲಿ ಹಂಚಿಕೊಂಡರು. ಈ ಹೋಲಿಕೆ ಅದೇ ವಾಲ್ಸಿಂಗ್‌ಹ್ಯಾಮನದು. ವೈರಿಯ ಲೇಖನಿಯಿಂದಲೂ ಒಮ್ಮೊಮ್ಮೆ ಸತ್ಯ ತಾನಾಗಿ ಜಾರಿಬಿಡುತ್ತದೆ.

ಇವರ ಮುಂದಾಳು ವಿಲಿಯಂ ಗ್ರಿಂಡ್‌ಕಾಬ್. ಅವನನ್ನು ಹಿಡಿದು ಹರ್ಟ್‌ಫರ್ಡಿನಲ್ಲಿ ಸೆರೆಯಿಟ್ಟರು. ಊರವರು ಮಠದಿಂದ ಬಲವಂತವಾಗಿ ಬರೆಸಿಕೊಂಡ ಪತ್ರಗಳನ್ನು ಹಿಂದಿರುಗಿಸುವಂತೆ ಅವನು ಬುದ್ಧಿ ಹೇಳಲಿ ಎಂದು ಜಾಮೀನಿನ ಮೇಲೆ ಊರಿಗೆ ಕಳಿಸಿದರು. ಒಪ್ಪಿಸಿದ್ದರೆ ಬಹುಶಃ ಅವನ ಜೀವ ಉಳಿಯುತ್ತಿತ್ತು. ಊರವರ ನಡುವೆ ನಿಂತು ಅವನು ಹೇಳಿದ್ದು ತದ್ವಿರುದ್ಧ: ನನ್ನ ಜೀವದ ಚಿಂತೆಯಿಂದ ನೀವು ಪಡೆದುದನ್ನು ಬಿಟ್ಟುಕೊಡಬೇಡಿ, ಸತ್ತರೆ ಬಿಡುಗಡೆಗಾಗಿ ಸತ್ತೆನೆಂದು ತಿಳಿಯುತ್ತೇನೆ ಎಂದು. ಹೀಗೆ ಹೇಳಿ ಸೆರೆಮನೆಗೆ ಮರಳಿದ.

ಟ್ರೆಸಿಲಿಯನ್ ಮೊದಲು ಊರಿನ ಹನ್ನೆರಡು ಮಂದಿ ಪಂಚರನ್ನು ಕರೆದು, ತಪ್ಪಿತಸ್ಥರನ್ನು ಹೆಸರಿಸಿರಿ ಎಂದ. ನಮ್ಮೂರಿನಲ್ಲಿ ಅಂಥವರಿಲ್ಲ ಎಂದರು. ಹೆಸರಿಸದಿದ್ದರೆ ಆ ಶಿಕ್ಷೆ ನಿಮಗೇ ಎಂದು ಸೂಚಿಸಿ, ಸಿದ್ಧವಾಗಿದ್ದ ಒಂದು ಪಟ್ಟಿಯನ್ನು ತೋರಿಸಿದ. ಅವರು ತಲೆ ಆಡಿಸಿದರು. ಎರಡನೆಯ ಹನ್ನೆರಡು ಮಂದಿ, ಮೂರನೆಯ ಹನ್ನೆರಡು ಮಂದಿ ಅದನ್ನೇ ಅನುಮೋದಿಸಿದರು. ಕಾನೂನಿನ ವಿಧಿಯಲ್ಲಿ ಒಂದು ಕುಂದೂ ಇಲ್ಲ. ಮೂವತ್ತಾರು ಮಂದಿಯ ಸಾಕ್ಷ್ಯವಿದೆ! ಜಾನ್ ಬಾಲ್ ಎಂಬ ಬಡ ಪಾದ್ರಿಯನ್ನು ಕಾವೆಂಟ್ರಿಯಲ್ಲಿ ಹಿಡಿದು ಇಲ್ಲಿಗೇ ತಂದಿದ್ದರು. ಜುಲೈ 15ರಂದು ಅವನನ್ನು ಕೊಂದು ನಾಲ್ಕು ತುಂಡು ಮಾಡಿದರು. ಗ್ರಿಂಡ್‌ಕಾಬನೂ ಸೇರಿ ಊರಿನ ಹದಿನೈದು ಮಂದಿ ನೇಣಿಗೇರಿದರು.

ಇಷ್ಟಕ್ಕೇ ಮುಗಿಯಲಿಲ್ಲ. ಅರಸನ ಪರಿವಾರ ಊರು ಬಿಟ್ಟ ಮೇಲೆ ಊರವರು ತಮ್ಮವರ ಹೆಣಗಳನ್ನು ಇಳಿಸಿ ಮಣ್ಣು ಮಾಡಿದರು. ಸುದ್ದಿ ಅರಮನೆಗೆ ಮುಟ್ಟಿತು. ಆಗಸ್ಟ್ ಮೊದಲಲ್ಲಿ ಆಜ್ಞೆ ಬಂತು: ಆ ಹೆಣಗಳನ್ನು ಊರವರೇ ಅಗೆದು ತೆಗೆದು, ಸರಪಳಿ ಬಿಗಿದು, ತಮ್ಮ ಕೈಯಾರೆ ಮತ್ತೆ ತೂಗುಹಾಕತಕ್ಕದ್ದು. ಹಾಗೆಯೇ ಮಾಡಿದರು. ಸಂಸ್ಕಾರ ಕಂಡ ದೇಹವನ್ನು ಮತ್ತೆ ಹೊರತೆಗೆಯುವ ಕೈಗಳು ಯಾರವಾಗಿದ್ದಿರಬಹುದು, ಅಣ್ಣನವೋ, ಮಗನವೋ, ಅಳಿಯನವೋ? ಈ ಭಾಗವನ್ನು ಮೊದಲ ಸಲ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಅಂಗಳಕ್ಕೆ ಬಂದು ಕುಳಿತದ್ದುಂಟು.

ದಂಡನೆಯ ಗಾಳಿ ಬೀಸಿದಾಗ ಹಳೆಯ ಹಗೆಗಳೆಲ್ಲ ಸಾಕ್ಷಿಗಳ ವೇಷ ತೊಡುತ್ತವೆ. ನೆರೆಯವನ ಮೇಲೆ ನೆರೆಯವನು ದೂರು ಹೇಳಿದ. ಸಫೋಕಿನ ನಾಯಕ ಜಾನ್ ರಾ ಎಂಬವನು ಮಾಫಿ ಸಾಕ್ಷಿಯಾಗಿ ತನ್ನ ಸಂಗಡಿಗರ ಹೆಸರನ್ನೆಲ್ಲ ಉಸುರಿದ. ಆದರೂ ಮಾಫಿ ಸಿಗಲಿಲ್ಲ, 1382ರಲ್ಲಿ ಅವನನ್ನೂ ಗಲ್ಲಿಗೇರಿಸಿದರು. ಲಂಡನ್ನಿನಲ್ಲಿ ಕೆಲವು ಹಿರಿಯ ಪೌರರ ಮೇಲೆ, ನಗರದ ಬಾಗಿಲು ತೆರೆದವರು ಇವರೇ ಎಂದು ಎದುರು ಪಕ್ಷದವರು ಆರೋಪ ಹೊರಿಸಿದರು. ಮುಂದೆ ಅವರು ನಿರ್ದೋಷಿಗಳೆಂದು ಹೊರಬಂದರು. ಇದೆಲ್ಲ ಮೇರೆ ಮೀರುತ್ತಿದೆ ಎಂದು ಅರಮನೆಗೂ ಅನಿಸಿರಬೇಕು. ಆಗಸ್ಟ್ 30ರಂದು ಬಂಧನಗಳನ್ನೂ ಮರಣದಂಡನೆಗಳನ್ನೂ ತಡೆಹಿಡಿಯುವ ಆಜ್ಞೆ ಹೊರಟಿತು.

ನವೆಂಬರಿನಲ್ಲಿ ಪಾರ್ಲಿಮೆಂಟು ಸೇರಿತು. ಹೊಸ ಕೋಶಾಧಿಕಾರಿ ಹ್ಯೂ ಸೆಗ್ರೇವ್ ಸಭೆಯ ಮುಂದೆ ಒಂದು ಪ್ರಶ್ನೆಯಿಟ್ಟ. ಅರಸರು ಒತ್ತಾಯಕ್ಕೆ ಸಿಕ್ಕು ಸನ್ನದು ಕೊಟ್ಟರು, ಅನಂತರ ರದ್ದು ಮಾಡಿದರು. ಈಗ ನೀವೆಲ್ಲ ಒಮ್ಮತದಿಂದ ಜೀತದವರನ್ನು ಬಿಡುಗಡೆ ಮಾಡಲು ಇಚ್ಛಿಸುವಿರಾದರೆ ಅರಸರ ಒಪ್ಪಿಗೆ ಇದೆ. ಇದು ನಿಜವಾದ ಪ್ರಶ್ನೆಯೋ ಬರಿಯ ಶಿಷ್ಟಾಚಾರವೋ, ವಿದ್ವಾಂಸರು ಚರ್ಚಿಸಿಕೊಳ್ಳಲಿ. ಬಾಗಿಲು ಅರೆಕ್ಷಣ ತೆರೆದಿತ್ತೆಂಬುದಂತೂ ನಿಜ. ಜಮೀನುದಾರರ ಆ ಸಭೆ ಒಕ್ಕೊರಲಿನಿಂದ ಅದನ್ನು ಮುಚ್ಚಿತು: ನಾವೆಲ್ಲ ಒಂದೇ ದಿನ ಸಾಯಬೇಕಾದರೂ ಸರಿ, ಇದಕ್ಕೆ ಒಪ್ಪೆವು! ಅದೇ ಸಭೆಯ ಮುಖಂಡ ರಿಚರ್ಡ್ ವಾಲ್ಡ್‌ಗ್ರೇವ್ ಮತ್ತೊಂದು ಮಾತನ್ನೂ ಹೇಳಿದನೆಂಬುದನ್ನು ಮರೆಯಬಾರದು. ಅರಮನೆಯ ದುಂದು, ಅಧಿಕಾರಿಗಳ ಸುಲಿಗೆ, ನ್ಯಾಯಸ್ಥಾನಗಳ ಅನ್ಯಾಯ ಇವೇ ಬಡವರನ್ನು ದಂಗೆಗೆ ದೂಡಿದವು ಎಂದು ಅವನು ಎದ್ದು ನಿಂತು ಹೇಳಿದ. ರೋಗ ಗೊತ್ತಿತ್ತು; ಮದ್ದು ತಮ್ಮ ಮನೆಯಿಂದ ಹೋಗುವುದು ಮಾತ್ರ ಬೇಡವಾಗಿತ್ತು.

ಈ ಸಭೆಯೇ ಕ್ಷಮೆಯನ್ನು ಬೇಡಿತು. ಆಗ ಅಲ್ಲೊಂದು ಚೌಕಾಸಿ ನಡೆಯಿತು. ಅರಸನಿಗೆ ಹಣ ಬೇಕು. ತೆರಿಗೆಯ ಮಾತೆತ್ತಿದಾಗ ಸಭಿಕರು, ಯೋಚಿಸಿ ಹೇಳುತ್ತೇವೆ ಎಂದರು. ಹಾಗಾದರೆ ಕ್ಷಮೆಯ ವಿಷಯವನ್ನು ಅರಸರೂ ಯೋಚಿಸಿಯೇ ಹೇಳುತ್ತಾರೆ ಎಂದು ಉತ್ತರ ಬಂತು. ಕೊನೆಗೆ ಉಣ್ಣೆಯ ಸುಂಕವನ್ನು ಮುಂದುವರಿಸಲು ಸಭೆ ಒಪ್ಪಿತು, ಅರಸನು ಕ್ಷಮಿಸಿದ. 'ಕ್ಷಮಾದಾನ' ಎಂಬ ನಮ್ಮ ಸಮಾಸದಲ್ಲಿ ಉತ್ತರಪದವನ್ನು ಇಲ್ಲಿ ಏನೆಂದು ತಿದ್ದಬೇಕೋ ವ್ಯಾಕರಣ ಬಲ್ಲವರು ಹೇಳಬೇಕು.

ಕ್ಷಮೆ ಮೂರು ಬಗೆಯದು. ಒಂದು, ದಂಗೆ ಅಡಗಿಸುವಾಗ ವಿಚಾರಣೆಯಿಲ್ಲದೆ ಜನರನ್ನು ಕೊಂದ ಸರದಾರರಿಗೆ. ಇನ್ನೊಂದು, ದಂಗೆಯೆದ್ದವರಿಗೆ. ಮತ್ತೊಂದು, ಏಳದೆ ನಿಷ್ಠರಾಗಿ ಮನೆಯಲ್ಲಿದ್ದವರಿಗೆ. ಅವರ ಹಳೆಯ ಸಣ್ಣಪುಟ್ಟ ತಪ್ಪುಗಳನ್ನು ಮನ್ನಿಸಿ ಬಹುಮಾನಿಸುವುದಕ್ಕೆ. ಕೊಂದವನಿಗೂ ಕೊಲೆಯಾದವನ ಕಡೆಯವನಿಗೂ ಒಂದೇ ಸಭೆಯಲ್ಲಿ ಕ್ಷಮೆ ಸಿಕ್ಕಿದ್ದು ಎಷ್ಟು ಅನುಕೂಲವಾದ ಏರ್ಪಾಡು ನೋಡಿ. ಅರಸನ ಭಾವೀ ಪತ್ನಿ, ಬೊಹೀಮಿಯದ ರಾಜಪುತ್ರಿ ಆನಳ ಕೋರಿಕೆಯೂ ಈ ಕರುಣೆಗೆ ಕಾರಣವೆಂದು ಬರೆಯಲಾಯಿತು. ಮದುವೆ ನಡೆದದ್ದು 1382ರ ಜನವರಿ 20ರಂದು. ಅದಕ್ಕೆ ಮುಂಚೆಯೇ ಹದಿನೈದರ ಆ ಹುಡುಗಿಯ ಹೆಸರು ಕ್ಷಮೆಯ ಕಾಗದ ಸೇರಿತ್ತು.

ಎಲ್ಲರಿಗೂ ಕ್ಷಮೆಯೇ? ಅಲ್ಲ. ಕ್ಯಾಂಟರ್ಬರಿ, ಕೇಂಬ್ರಿಜ್, ಬರಿ ಸೇಂಟ್ ಎಡ್ಮಂಡ್ಸ್ ಮೊದಲಾದ ಆರು ಊರುಗಳನ್ನು ಹೊರಗಿಟ್ಟರು. ಐದನ್ನು ಬೇಗನೆ ಒಳಕ್ಕೆ ತೆಗೆದುಕೊಂಡರು; ಬರಿ ಸೇಂಟ್ ಎಡ್ಮಂಡ್ಸ್ ಮಾತ್ರ ಎರಡು ಸಾವಿರ ಮಾರ್ಕು ದಂಡ ತೆರಬೇಕಾಯಿತು. ಇದಲ್ಲದೆ 287 ಮಂದಿಯ ಹೆಸರಿನ ಪಟ್ಟಿ. ಅವರಲ್ಲಿ 151 ಮಂದಿ ಲಂಡನ್ನಿನವರು. ಪಟ್ಟಿಯಲ್ಲಿದ್ದವರಲ್ಲೂ ಕೆಲವರು ಮುಂದೆ ಬಿಡಿಬಿಡಿಯಾಗಿ ಕ್ಷಮೆ ಸಂಪಾದಿಸಿದರು. ಪಟ್ಟಿಯಲ್ಲಿ ಇಲ್ಲದ ಬಡವನ ಪಾಡು ಬೇರೆ. ಅವನಿಗೆ ಕ್ಷಮೆ ಘೋಷಣೆಯಾಗಿತ್ತು, ನಿಜ. ಅದು ಕೈಗೆ ಬರಬೇಕಾದರೆ ರಾಜದಫ್ತರಕ್ಕೆ ಹೋಗಿ ಹೆಸರು ಬರೆಸಿ, ಮುದ್ರೆಯೊತ್ತಿಸಿ ಪತ್ರ ಪಡೆಯಬೇಕು. ಅದಕ್ಕೆ ಶುಲ್ಕ ಹದಿನಾರು ಹದಿನೆಂಟು ಷಿಲಿಂಗ್. ಒಂದು ಷಿಲಿಂಗ್ ತೆರಲಾರದೆ ದಂಗೆಯೆದ್ದವನು ಹದಿನೆಂಟನ್ನು ಎಲ್ಲಿಂದ ತಂದಾನು? ಎರಡು ತಿಂಗಳ ಕೂಲಿ ಅದು.

ಇಲ್ಲಿಗೆ ಬಂದಾಗ ನನ್ನದೇ ಒಂದು ಹಳೆಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಮೂವತ್ತೈದು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಹುಡುಗರು ಪರೀಕ್ಷಾ ಶುಲ್ಕದ ವಿಷಯವಾಗಿ ಮುಷ್ಕರ ಹೂಡಿ, ಕಚೇರಿಯ ಕಿಟಕಿ ಗಾಜುಗಳನ್ನು ಪುಡಿಮಾಡಿದರು. ವಿಚಾರಣೆಗೆ ನೇಮಕವಾದ ಮೂವರಲ್ಲಿ ನಾನೊಬ್ಬ. ತಂದೆಯ ರುಜುವಿನೊಡನೆ ತಪ್ಪೊಪ್ಪಿಗೆಯ ಮುಚ್ಚಳಿಕೆ ಬರೆದುಕೊಟ್ಟು, ಐವತ್ತು ರೂಪಾಯಿ ದಂಡ ಕಟ್ಟಿದವರನ್ನು ತರಗತಿಗೆ ಸೇರಿಸಿಕೊಳ್ಳುವುದೆಂದು ತೀರ್ಮಾನಿಸಿದೆವು. ಉದಾರವಾದ ತೀರ್ಮಾನವೆಂದೇ ನಮ್ಮ ಭಾವನೆ. ಒಬ್ಬ ಹುಡುಗ ಬಂದು ಮೇಜಿನ ಮುಂದೆ ನಿಂತ. "ನಾನು ಗಾಜು ಒಡೆದಿಲ್ಲ ಸಾರ್. ಒಡೆದೆ ಅಂತ ಹೇಗೆ ಬರೀಲಿ?" ಎಂದ. ಎಲ್ಲರೂ ಬರೆಯುತ್ತಿದ್ದಾರೆ, ನೀನೂ ಬರೆ, ಮುಗಿದುಹೋಗುತ್ತದೆ ಎಂದೆ ನಾನು. ಅವನ ತಂದೆ ಕೂಲಿಯವರು. ಐವತ್ತು ರೂಪಾಯಿಯ ಮಾತನ್ನು ಅವನು ಆಡಲೇ ಇಲ್ಲ, ನಾನೂ ಕೇಳಲಿಲ್ಲ. ತಿಂಗಳಾದ ಮೇಲೆ ದಂಡವನ್ನೂ ಮುಚ್ಚಳಿಕೆಯನ್ನೂ ಕೈಬಿಟ್ಟೆವು. ಆ ಹೊತ್ತಿಗೆ ಹುಡುಗ ಊರಿಗೆ ಹೋಗಿಯಾಗಿತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೀಟು ಎಳೆದವನು ನಾನೇ.

ಇಂಗ್ಲೆಂಡಿನಲ್ಲೂ ಹಾಗೆಯೇ ಆಯಿತು. ದಂಗೆಯಲ್ಲಿ ಕಾಲಿಡದ ಅನುಕೂಲಸ್ಥರು ಸಹ ಮುಂದಿನ ಭಯಕ್ಕೆಂದು ಕ್ಷಮಾಪತ್ರ ಕೊಂಡಿಟ್ಟುಕೊಂಡರು. ನಿಜವಾಗಿ ಬೇಕಾದವನು ಕೊಳ್ಳಲಾರದೆ ಬಚ್ಚಿಟ್ಟುಕೊಂಡ. 1382ರ ಅಕ್ಟೋಬರಿನಲ್ಲಿ ಸೇರಿದ ಪಾರ್ಲಿಮೆಂಟಿನಲ್ಲಿ ಈ ಮಾತು ಎದ್ದಿತು. ಬಿಡಿಬಿಡಿಯಾಗಿ ಪತ್ರ ಪಡೆಯಬೇಕೆಂಬ ನಿಯಮವನ್ನು ಆಗ ಕೈಬಿಟ್ಟು, ಕ್ಷಮೆ ತಾನಾಗಿಯೇ ಸಲ್ಲುವುದೆಂದು ಗೊತ್ತುಮಾಡಿದರು. ಅಷ್ಟರಲ್ಲಿ ಒಂದೂಕಾಲು ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಊರು ಬಿಟ್ಟವರು ಎಷ್ಟು ಮಂದಿ ಮರಳಿದರೆಂಬುದನ್ನು ಯಾವ ಸುರುಳಿಯೂ ಬರೆದಿಟ್ಟಿಲ್ಲ.

ಇನ್ನು ಆ ನಾಟಕದ ಪಾತ್ರಗಳ ಉತ್ತರ ಕಥೆ. 1388ರಲ್ಲಿ ದೊಡ್ಡ ಸರದಾರರು ಅರಸನ ಮೇಲೆಯೇ ತಿರುಗಿಬಿದ್ದರು. ಆಗ ನೆರೆದ ಪಾರ್ಲಿಮೆಂಟಿಗೆ ಚರಿತ್ರೆಯಲ್ಲಿ 'ನಿಷ್ಕರುಣ ಪಾರ್ಲಿಮೆಂಟ್' ಎಂದೇ ಹೆಸರು. ಮೂವತ್ತಾರು ಪಂಚರನ್ನು ಕೂಡಿಸಿದ್ದ ಟ್ರೆಸಿಲಿಯನ್ ವೇಷ ಮರೆಸಿಕೊಂಡು ಅವಿತಿದ್ದಾಗ ಸಿಕ್ಕಿಬಿದ್ದ. ಅವನ ಗೈರುಹಾಜರಿಯಲ್ಲೇ ತೀರ್ಪು ಆಗಿಹೋಗಿತ್ತು, ಟೈಬರ್ನಿನಲ್ಲಿ ಗಲ್ಲಿಗೇರಿಸಿದರು. ಗ್ರೇವ್ಸೆಂಡಿನ ಬಡವನನ್ನು ಯಾರ ಹೆಸರಿನಲ್ಲಿ ಹಿಡಿದಿದ್ದರೋ ಆ ಸೈಮನ್ ಬರ್ಲಿಗೂ ಮರಣದಂಡನೆಯಾಯಿತು. ರಾಣಿ ಆನಳು ಸರದಾರರ ಮುಂದೆ ಮೊಣಕಾಲೂರಿ ಅವನ ಪ್ರಾಣಭಿಕ್ಷೆ ಬೇಡಿದಳು. ಸಾವಿರಾರು ಅಪರಿಚಿತರಿಗೆ ಕ್ಷಮೆ ತಂದಿತೆಂದು ಬರೆಸಿಕೊಂಡ ಹೆಸರು ಅವಳದು. ಬಲ್ಲ ಒಬ್ಬನನ್ನು ಉಳಿಸಿಕೊಳ್ಳಲಾಗಲಿಲ್ಲ.

ಕೊನೆಗೆ ಒಂದು ಸಣ್ಣ ದಾಖಲೆ. ಜೂನ್ 14ರಂದು ದಂಗೆಕೋರರು ಗೋಪುರಕ್ಕೆ ನುಗ್ಗಿದಾಗ ಅಲ್ಲಿ ಅರಸನ ಚಿಕ್ಕಪ್ಪನ ಮಗ, ಅರಸನದೇ ವಯಸ್ಸಿನ ಹೆನ್ರಿ ಎಂಬ ಹುಡುಗನಿದ್ದ. ಸವಾಯ್ ಅರಮನೆ ಅವನ ತಂದೆಯದು. ಸಿಕ್ಕಿದ್ದರೆ ಅವನ ತಲೆಯೂ ಸಡ್ಬರಿಯ ತಲೆಯ ಪಕ್ಕದಲ್ಲಿ ಇರುತ್ತಿತ್ತು. ಆ ಗೊಂದಲದಲ್ಲಿ ಸದಕ್ ಊರಿನ ಜಾನ್ ಫೆರೂರ್ ಎಂಬೊಬ್ಬ ಅವನನ್ನು ಉಳಿಸಿದ. 1399ರಲ್ಲಿ ಆ ಹೆನ್ರಿ ರಿಚರ್ಡನನ್ನು ಇಳಿಸಿ ತಾನೇ ಅರಸನಾದ. 1400ರ ಆರಂಭದಲ್ಲಿ ಹೊಸ ಅರಸನ ವಿರುದ್ಧ ಒಂದು ಪಿತೂರಿ ನಡೆದು ಮುರಿದುಬಿತ್ತು. ಸೆರೆಸಿಕ್ಕವರ ಸಾಲಿನಲ್ಲಿ, ತಲೆ ಕೊಡಲು ಕಾದು ನಿಂತವರಲ್ಲಿ, ಜಾನ್ ಫೆರೂರನೂ ಇದ್ದ. ಅರಸನು ಅವನಿಗೆ ಕ್ಷಮೆ ಕೊಟ್ಟ. ಪತ್ರದಲ್ಲಿ ಕಾರಣವನ್ನೂ ಬರೆಸಿದ್ದಾನೆ: ರಿಚರ್ಡ್ ಅರಸನ ಕಾಲದಲ್ಲಿ, ಜನ ಎದ್ದಿದ್ದಾಗ, ಗೋಪುರದಲ್ಲಿ ಈತನು ನಮ್ಮ ಜೀವವನ್ನು ಉಳಿಸಿದ್ದನು ಎಂದು.